ಬಿಲವಿಲ್ಲದ ಹಾವುಗಳು

ಗೆದ್ದಲು ಹುತ್ತವನ್ನು ಕಟ್ಟುವುದು, ಹಾವು ಬಂದು ಅದರಲ್ಲಿ ಸೇರಿಕೊಳ್ಳುವುದು—ಇದು ಕನ್ನಡ ಜನಕ್ಕೆ ಗಾದೆಯಷ್ಟು ಹಳೆಯದಾದ ತಿಳಿವಳಿಕೆ. ಹಾವಿಗೆ ಕೈಕಾಲುಗಳಿಲ್ಲ, ಮಣ್ಣನ್ನು ಅಗೆದು ಹೊರಕ್ಕೆ ಎತ್ತಿಹಾಕುವ ಸಾಧನವಿಲ್ಲ, ಆದಕಾರಣ ಅದು ಇಲಿಯ ಬಿಲವನ್ನೋ, ಗೆದ್ದಲಿನ ಹುತ್ತವನ್ನೋ, ಕಲ್ಲಿನ ಸಂದನ್ನೋ ಆಶ್ರಯಿಸಿ ಬಾಳಬೇಕು. ನಾಗರಪಂಚಮಿಯ ದಿನ ಹುತ್ತಕ್ಕೆ ಹಾಲೆರೆಯುವ ಗೃಹಿಣಿಯೂ, ಉರಗಶಾಸ್ತ್ರವನ್ನು ಓದಿದ ಪಂಡಿತನೂ ಈ ಮಾತಿನಲ್ಲಿ ಹೆಚ್ಚು ಕಡಮೆ ಒಮ್ಮತದವರೇ. ಆದರೆ ಪ್ರಪಂಚದ ಮರುಭೂಮಿಗಳಲ್ಲಿ ಇತರರು ತೋಡಿದ ಮನೆಯನ್ನೇ ನೆಚ್ಚಿರದೆ, ಬೇಕೆಂದಾಗ ನೆಲದೊಳಕ್ಕೆ ನೇರವಾಗಿ ಇಳಿದುಹೋಗುವ ಕೆಲವು ಸಣ್ಣ ಹಾವುಗಳುಂಟು. ಅವುಗಳನ್ನು 'ಬಿಲ ತೋಡುವ ಹಾವುಗಳು' ಎಂದು ಗ್ರಂಥಗಳಲ್ಲಿ ಕರೆಯುವ ವಾಡಿಕೆಯಿದ್ದರೂ ಆ ಹೆಸರು ಅಷ್ಟು ಸರಿಯಾದುದಲ್ಲ. ಅವು ತೋಡುವುದೇ ಇಲ್ಲ, ಮರಳಿನಲ್ಲಿ ಈಜುತ್ತವೆ. ಹಾವು ಮುಂದೆ ಸರಿದಂತೆಲ್ಲ ಹಿಂದಿನ ಮರಳು ಕುಸಿದು ದಾರಿಯನ್ನು ಮುಚ್ಚಿಬಿಡುತ್ತದೆ. ನೀರಿನೊಳಗೆ ಮೀನು ಹೋದ ಜಾಡು ಹೇಗೆ ಉಳಿಯದೋ ಹಾಗೆಯೇ ಇಲ್ಲಿಯೂ ಬಿಲವೆಂಬುದು ಉಳಿಯುವುದಿಲ್ಲ.

ಇಂತಹ ಹಾವುಗಳಲ್ಲಿ ವಿದ್ವಾಂಸರು ಬಹುವಾಗಿ ಪರೀಕ್ಷಿಸಿ ನೋಡಿರುವುದು ಉತ್ತರ ಅಮೆರಿಕದ ಒಂದು ಜಾತಿಯನ್ನು. ಅದರ ಇಂಗ್ಲಿಷ್ ಹೆಸರನ್ನು ಕನ್ನಡಿಸಿದರೆ 'ಸಲಿಕೆಮೂಗಿನ ಹಾವು' ಎಂದಾಗುತ್ತದೆ. ಸಂಯುಕ್ತ ಸಂಸ್ಥಾನಗಳ ನೈಋತ್ಯ ಮೂಲೆಯಲ್ಲಿ ಕ್ಯಾಲಿಫೋರ್ನಿಯ, ನೆವಾಡ, ಅರಿಜೋನ ಪ್ರಾಂತಗಳಿಗೂ ಮೆಕ್ಸಿಕೋ ದೇಶದ ಉತ್ತರ ಭಾಗಕ್ಕೂ ವ್ಯಾಪಿಸಿರುವ ಮೊಹಾವೆ ಮತ್ತು ಸೊನೋರ ಎಂಬ ಎರಡು ಮರುಭೂಮಿಗಳು ಇದರ ತೌರೂರು. ಪೂರ್ಣ ಬೆಳೆದ ಹಾವೂ 10ರಿಂದ 17 ಅಂಗುಲಕ್ಕಿಂತ ಉದ್ದವಿರದು; ದಪ್ಪ ಕಿರುಬೆರಳಿನಷ್ಟೂ ಇಲ್ಲವೆನ್ನಬಹುದು. ಕೆನೆಯ ಬಣ್ಣದ ಮೈಗೆ ಅಡ್ಡಲಾಗಿ ಕಪ್ಪು ಪಟ್ಟೆಗಳು. ಕೆಲವು ಕಡೆಯವಕ್ಕೆ ಆ ಪಟ್ಟೆಗಳ ನಡುನಡುವೆ ಕೆಂಪು ಛಾಯೆಯೂ ಉಂಟು. ಅದೇ ಸೀಮೆಯಲ್ಲಿ ವಿಷವುಳ್ಳ ಹವಳದ ಹಾವೊಂದಿದ್ದು ಅದಕ್ಕೂ ಕೆಂಪು, ಕಪ್ಪು, ಹಳದಿ ಪಟ್ಟೆಗಳೇ ಇರುವುದರಿಂದ, ಈ ಸಾಧುಪ್ರಾಣಿಯನ್ನು ಅದೆಂದು ಭ್ರಮಿಸಿ ಹೆದರುವವರು ಕಡಮೆಯಿಲ್ಲ. ಇದು ಮನುಷ್ಯನಿಗೆ ಯಾವ ಅಪಾಯವನ್ನೂ ಮಾಡದು.

1854ರಲ್ಲಿ ಎಡ್ವರ್ಡ್ ಹ್ಯಾಲೊವೆಲ್ ಎಂಬ ಅಮೆರಿಕದ ವೈದ್ಯ ಇದನ್ನು ಮೊದಲು ಶಾಸ್ತ್ರೀಯವಾಗಿ ವರ್ಣಿಸಿದನು. ಆಮೇಲೆ ಇದರ ಕುಲನಾಮ ಅಲೆದ ಅಲೆದಾಟ ವಿನೋದವಾದದ್ದು. 1933ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಇದು 'ಸೊನೋರ' ಕುಲಕ್ಕೆ ಸೇರಿತ್ತು. ಅನಂತರ ಬಹುಕಾಲ 'ಕಿಯೊನಾಕ್ಟಿಸ್' ಎಂಬ ಬೇರೆ ಕುಲದಲ್ಲಿತ್ತು. 2018ರಲ್ಲಿ ಅನುವಂಶೀಯ ಧಾತುಗಳನ್ನು ಹೋಲಿಸಿ ನೋಡಿದ ವಿದ್ವಾಂಸರು ಇದನ್ನು ಪುನಃ ಸೊನೋರಕ್ಕೇ ಕರೆತಂದರು. ಇಷ್ಟೆಲ್ಲ ನಡೆಯುತ್ತಿದ್ದಾಗ ಹಾವಾದರೋ ಹೆಸರಿನ ಗೊಡವೆಯಿಲ್ಲದೆ ಮರಳಿನೊಳಗೇ ಇತ್ತು.

ಈ ಹಾವಿನ ದೇಹವನ್ನು ತಲೆಯಿಂದ ಬಾಲದವರೆಗೆ ನೋಡುತ್ತ ಹೋದರೆ ಮರಳಿಗೆ ಸಂಬಂಧಪಡದ ಅಂಗವೇ ಇಲ್ಲವೇನೋ ಎನಿಸುತ್ತದೆ. ಮೂತಿ ಚಪ್ಪಟೆಯಾಗಿ ಸಲಿಕೆಯ ಅಲಗಿನಂತೆ ಮುಂಚಾಚಿದೆ. ಕೆಳದವಡೆ ಮೇಲ್ದವಡೆಗಿಂತ ಒಳಗೆ ಸೇರಿ, ಡಬ್ಬಿಯ ಮುಚ್ಚಳದೊಳಗೆ ಅದರ ಬಾಯಿ ಕೂಡುವಂತೆ ಕೂಡುತ್ತದೆಯಾದ್ದರಿಂದ, ತಲೆಯನ್ನು ಮುಂದಕ್ಕೆ ನೂಕಿದಾಗ ಬಾಯಿಗೆ ಒಂದು ಕಾಳು ಮರಳೂ ನುಗ್ಗಲಾರದು. ಮೂಗಿನ ಹೊಳ್ಳೆಗಳಿಗೆ ಕವಾಟಗಳುಂಟು. ತಲೆಗೂ ಕುತ್ತಿಗೆಗೂ ಅಗಲದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ನಾಗರಹಾವಿನ ಹೆಡೆ ಇಲ್ಲಿದ್ದರೆ ಅದು ಲಂಗರಿನಂತೆ ತಡೆದು ನಿಲ್ಲಿಸುತ್ತಿತ್ತು. ಹೊಟ್ಟೆಯ ಎರಡು ಪಕ್ಕಗಳೂ ದುಂಡಗಿರದೆ ಅಂಚು ಕಟ್ಟಿದಂತಿರುವುದರಿಂದ ಮರಳನ್ನು ಪಕ್ಕಕ್ಕೆ ಒತ್ತಲು ಹಿಡಿತ ಸಿಕ್ಕುತ್ತದೆ. ಪೊರೆಯಂತೂ ಬಹಳ ನುಣುಪು.

ಮರಳೆಂಬುದು ವಿಚಿತ್ರವಾದ ವಸ್ತು. ಸುಮ್ಮನೆ ಬಿದ್ದಿದ್ದರೆ ಅದು ಘನಪದಾರ್ಥ. ಅದರ ಮೇಲೆ ಒಂಟೆ ನಡೆಯುತ್ತದೆ, ಮೋಟಾರು ನಿಲ್ಲುತ್ತದೆ. ಸಾಕಷ್ಟು ಬಲದಿಂದ ತಳ್ಳಿದಲ್ಲಿ ಮಾತ್ರ ಅದು ದ್ರವದಂತೆ ಹರಿಯತೊಡಗುವುದು. ತಳ್ಳುವುದನ್ನು ಬಿಟ್ಟೊಡನೆ ಪುನಃ ಘನ. ಆದುದರಿಂದ ಮರಳಿನಲ್ಲಿ ಈಜುವ ಪ್ರಾಣಿ ತನ್ನ ಸುತ್ತಣ ಒಂದಿಷ್ಟು ನೆಲವನ್ನು ಕ್ಷಣಕ್ಷಣವೂ ನೀರಾಗಿಸಿಕೊಳ್ಳುತ್ತ ಮುಂದುವರಿಯಬೇಕು. ನೀರಿನಂತೆ ಅದು ತಾನಾಗಿ ತೇಲಿಸುವುದೂ ಇಲ್ಲ; ಆಳಕ್ಕೆ ಹೋದಷ್ಟೂ ಹೊರೆ ಹೆಚ್ಚು. ಇದು ಹೇಗೆ ಸಾಧ್ಯವಾಗುತ್ತದೆಂಬುದು ಬಹಳ ದಿನ ಯಾರಿಗೂ ಕಾಣುವಂತಿರಲಿಲ್ಲ. ಏಕೆಂದರೆ ನಡೆಯುವ ಕಾರ್ಯವೆಲ್ಲ ಮರಳಿನ ಮರೆಯಲ್ಲಿ.

ಈ ಕುತೂಹಲಕ್ಕೆ ದುಡಿದವರಲ್ಲಿ ವಾಲ್ಟರ್ ಮೊಸಾವರ್ ಎಂಬಾತನು ಸ್ಮರಣೀಯನು. ಆಸ್ಟ್ರಿಯದಲ್ಲಿ ಹುಟ್ಟಿ ಕ್ಯಾಲಿಫೋರ್ನಿಯದಲ್ಲಿ ನೆಲಸಿದ ಈ ಪ್ರಾಣಿಶಾಸ್ತ್ರಜ್ಞನು ಸಹಾರಾದ ಮರಳಿನ ಉರಗಗಳನ್ನೂ ಕ್ಯಾಲಿಫೋರ್ನಿಯದವುಗಳನ್ನೂ ಹೋಲಿಸಿ 1932ರಲ್ಲಿ ಬರೆದನು. ಎರಡು ಖಂಡಗಳ, ಒಂದಕ್ಕೊಂದು ನಂಟಿಲ್ಲದ ಪ್ರಾಣಿಗಳು ಒಂದೇ ಬಗೆಯ ಮೂತಿಯನ್ನೂ ಒಂದೇ ಬಗೆಯ ನಡಿಗೆಯನ್ನೂ ಪಡೆದಿರುವುದು ಅವನ ಗಮನವನ್ನು ಸೆಳೆದಿತ್ತು. ಮುಂಜಾವದಲ್ಲಿ ಗಾಳಿ ಏಳುವ ಮೊದಲು ದಿಬ್ಬಗಳ ಮೇಲೆ ಉಳಿದಿರುವ ಜಾಡುಗಳನ್ನು ಓದಿ, ಹಾವು ಇರುಳಿನಲ್ಲಿ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಹೇಳುವುದರಲ್ಲಿ ಅವನು ನಿಪುಣನು. ಮೇಲೆ ಹೇಳಿದ 1933ರ ಲೇಖನ ಅವನದೇ. ಸಲಿಕೆಮೂಗಿನ ಹಾವಿನ ಜಾಡು ಒಂದು ಪೊದೆಯಿಂದ ಇನ್ನೊಂದು ಪೊದೆಗೆ ನುಣ್ಣನೆಯ ಅಲೆಯಾಗಿ ಸಾಗಿ, ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಅಲ್ಲಿ ತೂತಿಲ್ಲ, ಗುಂಡಿಯಿಲ್ಲ. ಹಾವು ಅಲ್ಲಿಯೇ ಕೆಳಗೆ ಇದೆ. 1937ರಲ್ಲಿ, ಇನ್ನೂ ನಡುಹರೆಯಕ್ಕೆ ಕಾಲಿಡುವ ಮೊದಲೇ, ಮೊಸಾವರ್ ಮೆಕ್ಸಿಕೋ ದೇಶದಲ್ಲಿ ತೀರಿಕೊಂಡನು.

ಲಾರೆನ್ಸ್ ಕ್ಲೌಬರ್ ಎಂಬವನ ರೀತಿಯೇ ಬೇರೆ. ಇವನು ವೃತ್ತಿಯಿಂದ ಇಂಜಿನಿಯರು. ಸಾನ್ ಡಿಯೇಗೋ ನಗರದ ವಿದ್ಯುಚ್ಛಕ್ತಿಯ ಕಂಪೆನಿಯಲ್ಲಿ ದುಡಿದು ಅದರ ಅಧ್ಯಕ್ಷಪದವಿಗೆ ಏರಿದವನು. ಹಾವುಗಳು ಇವನ ಬಿಡುವಿನ ವೇಳೆಯ ವ್ಯಾಸಂಗ; ಆದರೂ ಗಿಲಕೆಹಾವುಗಳನ್ನು ಕುರಿತು 1956ರಲ್ಲಿ ಇವನು ಹೊರತಂದ ಎರಡು ಸಂಪುಟಗಳನ್ನು ಬಿಟ್ಟು ಆ ವಿಷಯದಲ್ಲಿ ಮಾತನಾಡುವಂತಿಲ್ಲ. ಮರುಭೂಮಿಗೆ ರಸ್ತೆಗಳು ಬಂದ ಕಾಲದಲ್ಲಿ ಕ್ಲೌಬರ್ ರಾತ್ರಿಯ ಹೊತ್ತು ಮೋಟಾರಿನಲ್ಲಿ ನಿಧಾನವಾಗಿ ಸಾಗುತ್ತ, ದೀಪದ ಬೆಳಕಿನಲ್ಲಿ ರಸ್ತೆಯನ್ನು ದಾಟುವ ಹಾವುಗಳನ್ನು ಎಣಿಸತೊಡಗಿದನು. ಹಗಲಿನಲ್ಲಿ ವರ್ಷಗಟ್ಟಲೆ ಹುಡುಕಿದರೂ ಸಿಕ್ಕದೆ ಅಪೂರ್ವವೆಂದು ಹೆಸರಾದ ಜಾತಿಗಳು ಹೀಗೆ ನೋಡಿದಾಗ ಬೇಕಾದಷ್ಟು ಕಂಡವು. ಸಲಿಕೆಮೂಗಿನ ಹಾವೂ ಅವುಗಳಲ್ಲಿ ಒಂದು. ಅದು ಅಪೂರ್ವವಾಗಿರಲಿಲ್ಲ, ನೋಡುವವರು ಹೊತ್ತನ್ನು ತಪ್ಪಿದ್ದರು.

ಹೊತ್ತಿನ ಮಾತು ಬಂದುದರಿಂದ ಬಿಸಿಲಿನ ಮಾತನ್ನೂ ಹೇಳಬೇಕು. ಆ ಸೀಮೆಯಲ್ಲಿ ಬೇಸಗೆಯ ನಡುಹಗಲು ಮರಳಿನ ಮೇಲ್ಮೈ 60 ಡಿಗ್ರಿ ಸೆಂಟಿಗ್ರೇಡನ್ನು ಮೀರುವುದುಂಟು. ಅಂತಹ ನೆಲದ ಮೇಲೆ ಸಣ್ಣ ಹಾವೊಂದು ಕೆಲವು ನಿಮಿಷಗಳು ಸಿಕ್ಕಿಬಿದ್ದರೂ ಬದುಕಲಾರದು. ಕೆಲವೇ ಅಂಗುಲಗಳ ಕೆಳಗೆ ಹೋದರೆ ಕಾವು ಬಹಳ ಇಳಿಯುತ್ತದೆ. ಬಾವಿಗೆ ಇಳಿದಂತೆ ಆಳಕ್ಕೆ ಇಳಿಯಬೇಕಾಗಿಲ್ಲ. ಮೊಳವೋ ಗೇಣೋ ಸಾಕು. ಮರಳಿನ ಪದರ ಇಲ್ಲಿ ಹಾಸಿಗೆಯೂ ಹೌದು, ಹೊದಿಕೆಯೂ ಹೌದು, ಛತ್ರಿಯೂ ಹೌದು.

ಆದರೆ ಹೂತುಕೊಂಡವನು ಉಸಿರಾಡುವುದು ಹೇಗೆ? ಇದನ್ನು ವಿಚಾರಿಸಿದವರು ಕೆನೆತ್ ನಾರಿಸ್ ಮತ್ತು ಲೀ ಕವನೌ. ಅವರ ಲೇಖನ 1966ರಲ್ಲಿ ಪ್ರಕಟವಾಯಿತು. ಒಣಗಿದ ಮರಳಿನ ಕಾಳುಗಳ ಸಂದಿಯಲ್ಲಿ ಗಾಳಿಯುಂಟು; ಗಾಳಿಯ ಅಭಾವ ಅಷ್ಟು ದೊಡ್ಡ ತೊಡಕಲ್ಲ. ತೊಡಕಿರುವುದು ಉಸಿರಿನ ಚಲನೆಯಲ್ಲಿ. ಉಸಿರು ಬಿಟ್ಟಾಗ ಎದೆ ಕುಗ್ಗುತ್ತದೆ. ಕುಗ್ಗಿದ ಎಡೆಗೆ ಮರಳು ಜಾರಿ ತುಂಬಿಕೊಂಡರೆ ಮುಂದಿನ ಉಸಿರಿಗೆ ಎದೆ ಹಿಗ್ಗಲಾರದು. ಹೀಗೆ ಒಂದೊಂದು ಉಸಿರಿಗೂ ಹಿಡಿ ಬಿಗಿಯುತ್ತ ಹೋಗುತ್ತದೆ. ಮರಳಿನಲ್ಲಿ ಕುತ್ತಿಗೆಯವರೆಗೆ ಹೂತುಕೊಂಡು ಆಡುವ ಮಕ್ಕಳಿಗೆ ಈ ಅನುಭವದ ಒಂದು ಛಾಯೆಯಾದರೂ ಗೊತ್ತಿರಬೇಕು. ಸಲಿಕೆಮೂಗಿನ ಹಾವು ವಿಶ್ರಮಿಸುವಾಗ ತಲೆಯನ್ನು ಕೆಳಕ್ಕೆ ಓರೆಮಾಡಿ ಗಂಟಲಿನ ಅಡಿಯಲ್ಲಿ ಮರಳಿಲ್ಲದ ಒಂದು ಪುಟ್ಟ ಎಡೆಯನ್ನು ಉಳಿಸಿಕೊಳ್ಳುತ್ತದೆ. ಉಸಿರಾಟದ ಚಲನೆಗೆ ಅಷ್ಟು ಜಾಗ ಸಾಕು. ಬಿಲವಿಲ್ಲದ ಈ ಪ್ರಾಣಿಗೆ ಸ್ವಂತವೆಂದು ಇರುವ ಕೋಣೆ ಅದೊಂದೇ. ಅದೂ ಎದ್ದು ಹೊರಟೊಡನೆ ಕುಸಿದುಹೋಗುತ್ತದೆ.

ಈಜುವಿಕೆಯನ್ನು ಕಣ್ಣಾರೆ ನೋಡುವ ಯೋಗ ಈ ಶತಮಾನದವರಿಗೆ ಒದಗಿತು. ಜಾರ್ಜಿಯ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಡೇನಿಯಲ್ ಗೋಲ್ಡ್‌ಮನ್ ಎಂಬ ಭೌತವಿಜ್ಞಾನಿಯ ಪ್ರಯೋಗಶಾಲೆಯವರು ತೊಟ್ಟಿಯೊಳಗೆ ಮರಳಿನಂಥ ಸಣ್ಣ ಕಾಳುಗಳನ್ನು ತುಂಬಿ, ಹಾವನ್ನು ಅದರಲ್ಲಿ ಬಿಟ್ಟು, ಕ್ಷಕಿರಣಗಳಿಂದ ಚಿತ್ರಗಳನ್ನು ತೆಗೆದರು. ಸಹಾರಾದಲ್ಲಿ 'ಮರಳುಮೀನು' ಎಂದು ಹೆಸರಾದ, ಹಾವುರಾಣಿಯ ಬಳಗದ ಪ್ರಾಣಿಯೊಂದರ ಈಜನ್ನೂ ಇದನ್ನೂ ಅವರು ಹೋಲಿಸಿದ್ದು 2015ರಲ್ಲಿ ಪ್ರಕಟವಾಯಿತು. ಮರಳುಮೀನು ದಪ್ಪ, ಗಿಡ್ಡ; ಮೈಯನ್ನು ಒಂದೇ ಒಂದು ಅಲೆಯಾಗಿ ಬಾಗಿಸುತ್ತದೆ; ಸುತ್ತಣ ಮರಳನ್ನು ಕಲಕಿ, ಅಷ್ಟಿಷ್ಟು ಜಾರುತ್ತ ಮುಂದೆ ಹೋಗುತ್ತದೆ. ಹಾವಾದರೋ ಉದ್ದ, ಸಪೂರ. ಅದರ ಮೈಯಲ್ಲಿ ಏಕಕಾಲಕ್ಕೆ ಹಲವು ಅಲೆಗಳು ಏಳುತ್ತವೆ. ತಲೆ ಹಾದ ಜಾಡಿನಲ್ಲಿಯೇ ಉಳಿದ ಮೈಯೆಲ್ಲ, ದಾರವು ಸೂಜಿಯನ್ನು ಅನುಸರಿಸುವಂತೆ, ಹೆಚ್ಚು ಕಡಮೆ ತಪ್ಪದೆ ಅನುಸರಿಸುತ್ತದೆ. ಅದರ ಚರ್ಮದ ಘರ್ಷಣೆಯೂ ಮರಳುಮೀನಿನದಕ್ಕಿಂತ ಕಡಮೆಯೆಂದು ಅಳೆದು ಕಂಡುಕೊಂಡರು. ಆದ್ದರಿಂದ ಅಷ್ಟು ಉದ್ದದ ಮೈಯನ್ನು ಎಳೆದುಕೊಂಡು ಹೋಗುವ ಹಾವಿಗೆ ಶ್ರಮ ಮಿತವಾಗಿದೆ. ಇದೇ ಶಾಲೆಯವರು 2019ರಲ್ಲಿ ಮತ್ತೊಂದು ಸಂಗತಿಯನ್ನು ತಿಳಿಸಿದರು: ನೆಲದ ಮೇಲೆ ಹರಿದಾಡುವಾಗ ಗೂಟಗಳ ಸಾಲು ಅಡ್ಡ ಬಂದರೆ ಈ ಹಾವು ತನ್ನ ಅಲೆಯನ್ನು ಬದಲಿಸಲು ಹವಣಿಸದೆ, ಗೂಟ ಬಾಗಿಸಿದತ್ತ ಮೈಯನ್ನು ಬಾಗಗೊಟ್ಟು, ಅದೇ ಲಯದಲ್ಲಿ ಮುಂದುವರಿಯುತ್ತದೆ. ಯಂತ್ರಗಳನ್ನು ಕಟ್ಟುವವರು ಇದರಿಂದ ಕಲಿಯಬೇಕೆಂದಿದ್ದಾರಂತೆ. ಕಲಿಯಲಿ, ಹಾವಿನ ಮಹತ್ವ ಅದರಿಂದಲೇ ಬರಬೇಕೆಂದೇನೂ ಇಲ್ಲ.

ಇದರ ಊಟ ಚೇಳು, ಜರಿ, ಜೇಡ, ಕೀಟಗಳು ಮತ್ತು ಅವುಗಳ ಮರಿಹುಳುಗಳು. ಮರಳಿನಲ್ಲಿ ಹುದುಗಿದ ಪತಂಗದ ಕೋಶಗಳನ್ನೂ ಬಿಡದು. ಮನುಷ್ಯನು ದೂರದಿಂದಲೇ ಹೌಹಾರುವ ಚೇಳನ್ನು ಗೇಣುದ್ದದ ಈ ಪ್ರಾಣಿ ನುಂಗುತ್ತದೆ. ಬೇಸಗೆಯಲ್ಲಿ ಎರಡರಿಂದ ನಾಲ್ಕು ಮೊಟ್ಟೆಗಳನ್ನು ಇಡುವುದು ಸಾಮಾನ್ಯ. ಗೂಬೆಗಳು, ಚಿಕ್ಕ ನರಿಗಳು, ದೊಡ್ಡ ಹಾವುಗಳು ಇದರ ಶತ್ರುಗಳು. ಚಳಿಗಾಲವನ್ನು ಮರಳಿನ ಕೆಳಗೆಯೇ ಕಳೆಯುತ್ತದೆ.

ಈ ಜೀವನಕ್ಕೆಲ್ಲ ಬೇಕಾದುದು ಒಂದೇ—ಸಡಿಲವಾದ ನೆಲ. ಕಲ್ಲುಗಾಡಿನಲ್ಲಿ ಈ ಹಾವಿಗೆ ಬಾಳುವೆಯಿಲ್ಲ. ಗಟ್ಟಿಯಾಗಿ ತುಳಿದ ನೆಲದಲ್ಲಿಯೂ ಇಲ್ಲ. ಅರಿಜೋನದ ಫೀನಿಕ್ಸ್ ಮತ್ತು ಟೂಸಾನ್ ನಗರಗಳ ನಡುವಣ ಬಯಲಿನಲ್ಲಿರುವ ಇದರ ಒಂದು ಉಪಜಾತಿಗೆ 1941ರಲ್ಲಿ ಕ್ಲೌಬರನ ಗೌರವಾರ್ಥವಾಗಿ 'ಕ್ಲೌಬರಿ' ಎಂದು ಹೆಸರಿಟ್ಟರು. ಮಟ್ಟಸವಾದ ಆ ಬಯಲೇ ಬೇಸಾಯಕ್ಕೂ ಬಡಾವಣೆಗೂ ಹೆದ್ದಾರಿಗೂ ಒಪ್ಪುವಂಥದು; ಮನುಷ್ಯನೂ ಹಾವೂ ಒಂದೇ ನೆಲವನ್ನು ಮೆಚ್ಚಿದರು. 2004ರಲ್ಲಿ ಇದನ್ನು ಅಳಿವಿನ ಅಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಬೇಕೆಂದು ಸಂಯುಕ್ತ ಸಂಸ್ಥಾನಗಳ ಸರಕಾರಕ್ಕೆ ಅರ್ಜಿ ಹೋಯಿತು. 2010ರಲ್ಲಿ ಬಂದ ಉತ್ತರ ಕಛೇರಿಯ ಭಾಷೆಯ ಒಂದು ಸೊಗಸಾದ ಮಾದರಿ: ರಕ್ಷಣೆ ಸಮುಚಿತವೇ, ಆದರೆ ಇದಕ್ಕಿಂತ ಜರೂರಾದವು ಇರುವುದರಿಂದ ಸದ್ಯಕ್ಕೆ ಆಗದು. 2014ರಲ್ಲಿ, ಉಪಜಾತಿಯ ಎಲ್ಲೆ ಹಿಂದೆ ಎಣಿಸಿದ್ದಕ್ಕಿಂತ ವಿಸ್ತಾರವೆಂದು ಅನುವಂಶೀಯ ಪರೀಕ್ಷೆಯಿಂದ ಕಂಡುಬಂದ ಮೇಲೆ, ಪಟ್ಟಿಗೆ ಸೇರಿಸುವ ಅಗತ್ಯವಿಲ್ಲವೆಂದು ತೀರ್ಮಾನವಾಯಿತು. ಯಾವ ರಸ್ತೆಗಳ ದೆಸೆಯಿಂದ ಈ ಹಾವು ಕ್ಲೌಬರನ ಕಣ್ಣಿಗೆ ಬಿದ್ದಿತೋ ಆ ಬಗೆಯ ರಸ್ತೆಗಳ ಮೇಲೆಯೇ ಅವನ ಹೆಸರಿನ ಹಾವು ಗಾಲಿಗೆ ಸಿಕ್ಕಿ ಸಾಯುತ್ತದೆ.

ಮರಳಿನ ಬಾಳಿಗೆ ಬೇರೆ ಖಂಡಗಳ ಹಾವುಗಳು ಬೇರೆ ಉಪಾಯಗಳನ್ನೂ ಕಂಡುಕೊಂಡಿವೆ. ಆಫ್ರಿಕದ ನಾಮಿಬ್ ಮರುಭೂಮಿಯ ಗೇಣುದ್ದದ ಮಂಡಲದ ಹಾವೊಂದು ಈಜುವುದಿಲ್ಲ. ಇದ್ದಲ್ಲಿಯೇ ಮೈಯನ್ನು ಅತ್ತಿತ್ತ ಅಲುಗಿಸಿ ಮುಳುಗುತ್ತದೆ. ಕಣ್ಣುಗಳು ನೆತ್ತಿಯ ಮೇಲಿರುವುದರಿಂದ ಮೈಯೆಲ್ಲ ಮರೆಯಾದರೂ ನೋಟ ತಪ್ಪದು. ಬಾಲದ ತುದಿಯನ್ನು ಹುಳುವಿನಂತೆ ಕುಣಿಸಿ ಹಲ್ಲಿಗಳನ್ನು ಬರಮಾಡಿಕೊಳ್ಳುತ್ತದೆ. ಕಡಲಿನಿಂದ ಬರುವ ಮಂಜು ತನ್ನ ಪೊರೆಯ ಮೇಲೆ ಹನಿಗೂಡಿದರೆ ಅದನ್ನೇ ಹೀರುತ್ತದೆ. ಅರಬ್ಬರ ನಾಡಿನ ಮರಳುಹಾವಿಗೂ ಕಣ್ಣುಗಳು ನೆತ್ತಿಗೆ ಏರಿವೆ. ಅದರ ಶಾಸ್ತ್ರೀಯ ನಾಮ 'ಎರಿಕ್ಸ್ ಜಯಕರಿ'. ಈ ಹೆಸರು ಭಾರತೀಯನೊಬ್ಬನದು. ಹತ್ತೊಂಬತ್ತನೆಯ ಶತಮಾನದಲ್ಲಿ ಮಸ್ಕತ್ತಿನಲ್ಲಿ ಸರ್ಜನರಾಗಿದ್ದ ಆತ್ಮಾರಾಮ ಸದಾಶಿವ ಜಯಕರರು ಅಲ್ಲಿಯ ಪ್ರಾಣಿಗಳನ್ನು ಸಂಗ್ರಹಿಸಿ ಲಂಡನ್ನಿಗೆ ಕಳುಹಿಸುತ್ತಿದ್ದರು. 1888ರಲ್ಲಿ ಬೂಲಾಂಜೆ ಎಂಬ ವಿದ್ವಾಂಸನು ಈ ಹಾವಿಗೆ ಅವರ ಹೆಸರನ್ನಿಟ್ಟನು.

ಆ ಎರಿಕ್ಸ್ ಕುಲದ ಇನ್ನೊಂದು ಹಾವು ಥಾರ್ ಮರುಭೂಮಿಯಿಂದ ದಖ್ಖಣದ ಒಣಸೀಮೆಯವರೆಗೂ ಹಬ್ಬಿ ಕನ್ನಡ ನಾಡಿನ ಬಯಲುಗಳಲ್ಲಿಯೂ ಇದೆ. ಅದೇ ಇರ್ತಲೆ ಹಾವು. ಕೆಲವು ಕಡೆ ಮಣ್ಣುಮುಕ್ಕ. ಅಮೆರಿಕದ ಹಾವಿನ ಮುಂದೆ ಇದು ದೈತ್ಯ—ಮೂರು ಅಡಿ ಬೆಳೆಯಬಲ್ಲುದು—ಆದರೆ ಮೂತಿಯ ಅಲಗೂ, ಪುಟ್ಟ ಕಣ್ಣೂ, ಸಡಿಲ ಮಣ್ಣಿನ ಮೋಹವೂ ಅದೇ ತೆರನಾದವು. ಇದು ಮೊಟ್ಟೆಯಿಡದೆ ಮರಿಗಳನ್ನೇ ಹಾಕುತ್ತದೆ. ಹೊಲದ ಇಲಿಗಳನ್ನು ತಿನ್ನುತ್ತದೆ. 1801ರಲ್ಲಿ ಪ್ಯಾಟ್ರಿಕ್ ರಸೆಲ್, ತರಂಗಂಬಾಡಿಯಲ್ಲಿದ್ದ ಜಾನ್ ಎಂಬ ಪಾದ್ರಿಯ ಗೌರವಾರ್ಥವಾಗಿ, ಇದನ್ನು 'ಜಾನಿ' ಎಂದು ಕರೆದನು. ಇದರ ಬಾಲ ಮೊಂಡಾಗಿ ತಲೆಯನ್ನೇ ಹೋಲುತ್ತದೆ. ಅಪಾಯ ಬಂದಾಗ ತಲೆಯನ್ನು ಸುರುಳಿಯ ಅಡಿಗೆ ಸೇರಿಸಿ ಬಾಲವನ್ನು ಎತ್ತಿ ತೋರಿಸುತ್ತದೆ. ಪೆಟ್ಟು ಬಿದ್ದರೆ ಬಾಲಕ್ಕೆ ಬೀಳಲಿ ಎಂಬ ಹಂಚಿಕೆ. ಆರು ತಿಂಗಳು ಒಂದು ತಲೆಯಿಂದಲೂ ಆರು ತಿಂಗಳು ಇನ್ನೊಂದರಿಂದಲೂ ನಡೆಯುತ್ತದೆಂಬ ಕಥೆ ಹುಟ್ಟಿದ್ದು ಇದರಿಂದಲೇ. ಹಾವಾಡಿಗರು ಬಾಲವನ್ನು ಗಾಯಮಾಡಿ ಕಣ್ಣು ಬಾಯಿಗಳ ಗುರುತು ಮಾಡುತ್ತಿದ್ದುದೂ ಉಂಟು.

ವೈರಿಯನ್ನು ಮೋಸಗೊಳಿಸಲು ಒದಗಿದ ಈ ಬಾಲ ಈಚೆಗೆ ಹಾವಿಗೇ ಮುಳುವಾಗಿದೆ. ಎರಡು ತಲೆಯ ಹಾವು ಮನೆಯಲ್ಲಿದ್ದರೆ ಐಶ್ವರ್ಯ ಬರುವುದೆಂದು, ನಿಧಿ ಸಿಕ್ಕುವುದೆಂದು, ತೂಕ ಹೆಚ್ಚಿದಷ್ಟೂ ಫಲ ಹೆಚ್ಚೆಂದು ನಂಬಿಸುವ ದಳ್ಳಾಳಿಗಳ ಜಾಲವೊಂದು ಬೆಳೆದು, ಲಕ್ಷಗಟ್ಟಲೆ ರೂಪಾಯಿಗಳ ಮಾತು ನಡೆಯುತ್ತದೆ. ಕೊಳ್ಳುವವರಲ್ಲಿ ಓದುಬರಹ ಬಲ್ಲವರೂ ಇರುವರೆಂಬುದು ನಾಚಿಕೆಯ ಸಂಗತಿ. 1972ರ ವನ್ಯಜೀವಿ ಸಂರಕ್ಷಣೆಯ ಕಾನೂನಿನ ಪ್ರಕಾರ ಈ ಹಾವನ್ನು ಹಿಡಿಯುವುದೂ ಮಾರುವುದೂ ಅಪರಾಧ. ವೈಲ್ಡ್‌ಲೈಫ್ ಕನ್ಸರ್ವೇಶನ್ ಸೊಸೈಟಿಯ ಭಾರತ ಶಾಖೆಯವರು 2016ರಿಂದ 2021ರವರೆಗಿನ ಪತ್ರಿಕಾ ವರದಿಗಳನ್ನು ಕಲೆಹಾಕಿದಾಗ ಇರ್ತಲೆ ಹಾವನ್ನು ಜಪ್ತಿಮಾಡಿದ 172 ಪ್ರಕರಣಗಳು ದೊರೆತವು. ಇವು ಪೋಲೀಸರ ಮತ್ತು ಅರಣ್ಯ ಇಲಾಖೆಯವರ ಕೈಗೆ ಸಿಕ್ಕಿ, ಪತ್ರಿಕೆಗೂ ಬಂದವು ಮಾತ್ರ. ಸಿಕ್ಕದೆ ಚೀಲದೊಳಗೆ ಊರಿಂದೂರಿಗೆ ಸಾಗಿಹೋದ ಹಾವುಗಳ ಲೆಕ್ಕ ಅದರಲ್ಲಿ ಸೇರಿಲ್ಲ.